ಬ್ರಜೇಂದ್ರನಾಥ ಸೀಲರ ಮೈಸೂರು ಭಾಷಣಗಳನ್ನು ಉಳಿಸಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ವಂದನೆಗಳು.

ಮೈಸೂರು ವಿಶ್ವವಿದ್ಯಾನಿಲಯದ ಎರಡನೆಯ ಕುಲಪತಿ ಸರ್ ಬ್ರಜೇಂದ್ರನಾಥ ಸೀಲರು ನಮ್ಮ ನಾಡಿನಲ್ಲಿದ್ದಾಗ ಮಾಡಿದ ಭಾಷಣಗಳು, ಬರೆದ ಟಿಪ್ಪಣಿಗಳು, ಸಲ್ಲಿಸಿದ ವರದಿಗಳು ಒಂದು ಕಡೆ ಸೇರಬೇಕು. ಅವನ್ನು ಹುಡುಕಿ, ಸ್ಕ್ಯಾನ್ ಮಾಡಿಸಿ, ಕನ್ನಡ ಅನುವಾದದೊಡನೆ ಪ್ರಕಟಿಸಲು ಆದೇಶ ಹೊರಡಿಸಿ ಎಂದು ಕೋರುವುದಕ್ಕೆ ಈ ಪತ್ರ.

ಸೀಲರು 1864ರ ಸೆಪ್ಟೆಂಬರ್ 3ರಂದು ಕಲ್ಕತ್ತೆಯಲ್ಲಿ ಹುಟ್ಟಿದರು. ಕಾಲೇಜಿನಲ್ಲಿ ನರೇಂದ್ರನಾಥ ದತ್ತರ, ಅಂದರೆ ಮುಂದೆ ವಿವೇಕಾನಂದರಾದವರ, ಒಡನಾಡಿ. 1896ರಿಂದ ಹಲವು ವರ್ಷ ಕೂಚ್ ಬಿಹಾರದ ವಿಕ್ಟೋರಿಯಾ ಕಾಲೇಜಿನ ಪ್ರಾಂಶುಪಾಲರು, ಆಮೇಲೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಐದನೆಯ ಜಾರ್ಜ್ ತತ್ತ್ವಶಾಸ್ತ್ರ ಪೀಠದ ಪ್ರಾಧ್ಯಾಪಕರು. 1921ರಲ್ಲಿ ಅವರು ಆ ಪೀಠ ಬಿಟ್ಟು ಮೈಸೂರಿಗೆ ಬಂದರು. ಅದೇ ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರು ಆ ಪೀಠಕ್ಕೆ ಹೋದರು. ಎರಡು ವಿಶ್ವವಿದ್ಯಾನಿಲಯಗಳ ನಡುವಿನ ಈ ಕೊಡುಕೊಳ್ಳುವಿಕೆಯ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಿತ್ತು.

ಮೈಸೂರಿನಲ್ಲಿ ಅವರ ಮುಂದಿದ್ದದ್ದು 1916ರ ಜುಲೈ 27ರಂದು ಆರಂಭವಾಗಿ ಇನ್ನೂ ಐದು ವರ್ಷ ತುಂಬುತ್ತಿದ್ದ ಸಂಸ್ಥೆ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಒಂದು ಕಡೆ, ಮೈಸೂರಿನ ಮಹಾರಾಜಾ ಕಾಲೇಜು ಇನ್ನೊಂದು ಕಡೆ. ಸೀಲರ ಅವಧಿಯಲ್ಲೇ, 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಆರಂಭವಾದದ್ದೂ ಅದೇ ವರ್ಷ. ಇದರ ಜೊತೆಗೇ ಮಹಾರಾಜರ ಸರ್ಕಾರ ರಾಜ್ಯಾಂಗ ಸುಧಾರಣೆಯ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 1881ರಿಂದ ನಡೆದುಬಂದಿದ್ದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ಸಿಕ್ಕಿದ್ದು ಆ ಸಮಿತಿಯ ವರದಿಯಾದ ಮೇಲೆ, 1923ರಲ್ಲಿ. ನೀವು ಕೂರುವ ಸದನದ ಪೂರ್ವಚರಿತ್ರೆಯಲ್ಲಿ ಒಬ್ಬ ತತ್ತ್ವಶಾಸ್ತ್ರದ ಮೇಷ್ಟ್ರ ಪಾಲು ಇಷ್ಟು ದೊಡ್ಡದು.

ತೊಡಕು ಇರುವುದು ಇನ್ನೊಂದು ಕಡೆ. ಸೀಲರು ಪುಸ್ತಕ ಬರೆದದ್ದು ಕಡಿಮೆ, ಮಾತಾಡಿದ್ದು ಬಹಳ. ಹಾಗೆ ಮಾತಾಡಿದ್ದರಲ್ಲಿ ಯಾವುದು ಉಳಿಯಿತು, ಏಕೆ ಉಳಿಯಿತು ಎಂದು ನೋಡಿದರೆ ನಮ್ಮ ಕೋರಿಕೆಯ ಅರ್ಥ ತಿಳಿಯುತ್ತದೆ. 1911ರ ಜುಲೈನಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲ ವಿಶ್ವ ಜನಾಂಗ ಸಮ್ಮೇಳನದ ಮೊದಲ ಗೋಷ್ಠಿಯಲ್ಲಿ ಜನಾಂಗ, ಬುಡಕಟ್ಟು, ರಾಷ್ಟ್ರ ಎಂದರೇನು ಎಂಬುದನ್ನು ಕುರಿತು ಅವರು ಮಂಡಿಸಿದ ಪ್ರಬಂಧ ಇಂದಿಗೂ ಸಿಗುತ್ತದೆ, ಏಕೆಂದರೆ ಅಲ್ಲಿ ಪ್ರಬಂಧಗಳನ್ನೆಲ್ಲ ಸಭೆಗೆ ಮೊದಲೇ ಅಚ್ಚು ಹಾಕಿಸಿದ್ದರು. ರಾಮಮೋಹನ ರಾಯರನ್ನು ಕುರಿತು ಬೆಂಗಳೂರಿನಲ್ಲಿ ಅವರು ಮಾಡಿದ ಭಾಷಣ ಉಳಿದದ್ದು ಕಿರುಪುಸ್ತಕವಾಗಿ ಅಚ್ಚಾದ್ದರಿಂದ. ಅಚ್ಚಾಗದ ಮಾತುಗಳಿಗೆ ಪತ್ರಿಕಾ ವರದಿ, ವಿಶ್ವವಿದ್ಯಾನಿಲಯದ ಆಡಳಿತ ಸಭೆಯಾದ ಸೆನೆಟ್‌ನ ನಡವಳಿ, ಕಚೇರಿ ಟಿಪ್ಪಣಿಗಳೇ ಗತಿ. ಆ ಕಾಗದಕ್ಕೆ ಈಗ ನೂರು ವರ್ಷ.

ಆ ಕಾಲದ ಪತ್ರಿಕಾ ಕಾಗದ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ (ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ವಸ್ತು) ಮತ್ತು ಆಮ್ಲದಿಂದ ಹಾಳೆ ಹಳದಿಯಾಗಿ, ಮಡಿಕೆ ಇದ್ದಲ್ಲೇ ಮೊದಲು ಮುರಿಯುತ್ತದೆ. ಹರಿದ ಕಡೆ ಸೆಲೊಟೇಪ್ ಹಚ್ಚಿದ್ದರೆ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರದೊಳಗೇ ಇಳಿದಿರುತ್ತದೆ. ಕಡತಗಳಲ್ಲಿ ತುಕ್ಕು ಹಿಡಿದ ಗುಂಡುಪಿನ್ನು, ಹೊಲಿಗೆಯ ಹತ್ತಿರ ಬೆಳ್ಳಿಹುಳು. ಲ್ಯಾಮಿನೇಷನ್ ಮಾಡಿಸಿಬಿಡೋಣ ಎಂದು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಒಮ್ಮೆ ಪ್ಲಾಸ್ಟಿಕ್ಕಿನೊಳಗೆ ಹೋದ ಕಾಗದವನ್ನು ಕೆಡಿಸದೆ ಹೊರಗೆ ತೆಗೆಯುವುದು ಬಹಳ ಕಷ್ಟ.

ಹುಡುಕಾಟ ವಿಶ್ವವಿದ್ಯಾನಿಲಯದ ವಾರ್ಷಿಕ ವರದಿ ಮತ್ತು ಸೆನೆಟ್ ನಡವಳಿಗಳಿಂದ ಶುರುವಾಗಲಿ. ಅಲ್ಲಿ ದಿನಾಂಕ ಸಿಗುತ್ತದೆ. ದಿನಾಂಕ ಸಿಕ್ಕರೆ 'ಸಾಧ್ವಿ', 'ವಿಶ್ವ ಕರ್ನಾಟಕ', 'ತಾಯಿನಾಡು', ಮದರಾಸಿನ 'ಹಿಂದೂ' ಪತ್ರಿಕೆಗಳ ಆಯಾ ವಾರದ ಸಂಚಿಕೆಗಳನ್ನಷ್ಟೇ ತೆಗೆದರೆ ಸಾಕು, ಇಡೀ ವರ್ಷದ ಕಟ್ಟು ಬಿಚ್ಚಬೇಕಿಲ್ಲ. ಬಳಿಕ ರಾಜ್ಯ ಪತ್ರಾಗಾರದ ಕಡತಗಳು, ಶಾಸಕಾಂಗದ ಗ್ರಂಥಾಲಯ. ಹೆಸರಿನ ವಿಷಯದಲ್ಲಿ ಎಚ್ಚರ ಬೇಕು: ಬ್ರಜೇಂದ್ರ, ಬ್ರೊಜೇಂದ್ರ, ವ್ರಜೇಂದ್ರ; ಸೀಲ್, ಶೀಲ್, ಶೀಲ. ಒಂದೇ ರೂಪವಿಟ್ಟುಕೊಂಡು ಸೂಚಿ ತಡಕಿ 'ಇಲ್ಲ' ಎಂದು ಬರೆದುಬಿಡುವುದು ಇಂಥ ಕೆಲಸದಲ್ಲಿ ಆಗುವ ಮಾಮೂಲು ತಪ್ಪು.

ಕಡತ ಬಿಚ್ಚುವ ಮೊದಲು ಪ್ರತಿ ಹಾಳೆಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಸಂಖ್ಯೆ ಹಾಕಬೇಕು. ಮೇಲಿನಿಂದ ಚಿತ್ರ ತೆಗೆಯುವ ಪುಸ್ತಕ ಸ್ಕ್ಯಾನರ್ ಇರಲಿ; ಹಾಳೆಯನ್ನು ಎಳೆದುಕೊಳ್ಳುವ ಯಂತ್ರಕ್ಕೆ ಇಂಥ ಕಾಗದ ಕೊಟ್ಟರೆ ಪುಡಿಯಾಗಿ ಹೊರಬರುತ್ತದೆ. ಚಿತ್ರದ ಸ್ಪಷ್ಟತೆ 400 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ) ಇರಲಿ, ಸಣ್ಣ ಅಚ್ಚಿನ ಪತ್ರಿಕೆಗೆ 600. ಬಣ್ಣದಲ್ಲೇ ತೆಗೆಯಬೇಕು, ಕಪ್ಪು-ಬಿಳುಪಿನಲ್ಲಿ ಕಲೆ ಯಾವುದು ಅಕ್ಷರ ಯಾವುದು ತಿಳಿಯುವುದಿಲ್ಲ. ಮೂಲಪ್ರತಿ ಟಿಫ್ ಎಂಬ ಚಿತ್ರಕಡತದ ರೂಪದಲ್ಲಿ, ಓದುವ ಪ್ರತಿ ಪಿಡಿಎಫ್‌ನಲ್ಲಿ. ಒಂದು ಪ್ರತಿ ಮೈಸೂರಿನಲ್ಲಿದ್ದರೆ ಇನ್ನೊಂದು ಬೇರೆ ಊರಿನಲ್ಲಿರಲಿ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ ಇಂಗ್ಲಿಷ್ ಪುಟಗಳನ್ನು ಸುಮಾರಾಗಿ ಓದುತ್ತದೆ. ಹಳೆಯ ಮೊಳೆಯಚ್ಚಿನ ಕನ್ನಡದಲ್ಲಿ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತದೆ. ಆದ್ದರಿಂದ ಒಬ್ಬ ಸ್ಕ್ಯಾನ್ ಸಿಬ್ಬಂದಿಗೆ ಇಬ್ಬರು ಕರಡು ತಿದ್ದುವವರು ಬೇಕೇ ಬೇಕು. ಟೆಂಡರಿನಲ್ಲಿ ಪುಟಕ್ಕಿಷ್ಟು ಎಂದು ಸ್ಕ್ಯಾನಿಂಗ್ ದರ ಮಾತ್ರ ನಮೂದಿಸಿ ತಿದ್ದುವಿಕೆ ಬಿಟ್ಟರೆ, ಕೊನೆಗೆ ಸಿಗುವುದು ಹುಡುಕಲಾಗದ ಚಿತ್ರಗಳ ರಾಶಿ.

ಹಕ್ಕುಸ್ವಾಮ್ಯದ ಅಡ್ಡಿ ಎಂದು ಕಡತ ಹಿಂದಿರುಗಿದರೆ, ಉತ್ತರ ಇದು: ಸೀಲರು ತೀರಿಕೊಂಡದ್ದು 1938ರ ಡಿಸೆಂಬರ್ 3ರಂದು. 1957ರ ಕಾಯಿದೆಯಂತೆ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಲೆಕ್ಕ ಹಾಕಿದರೆ, ಅವರು ಬದುಕಿದ್ದಾಗ ಪ್ರಕಟವಾದ ಬರಹದ ಹಕ್ಕು 1998ರ ಕೊನೆಗೇ ಮುಗಿದಿದೆ. ಸರ್ಕಾರಿ ವರದಿಗಳಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ. 1920ರ ದಶಕದ ವರದಿಗಳಿಗೆ ಅದೂ ಕಳೆದಿದೆ. ಅವರ ಕಾಲಾನಂತರ ಮೊದಲ ಬಾರಿಗೆ ಅಚ್ಚಾದ ಬರಹಗಳಿದ್ದರೆ ಅವನ್ನು ಮಾತ್ರ ಬೇರೆಯಾಗಿ ಪರಿಶೀಲಿಸಬೇಕು.

ಪ್ರಕಟಣೆಗೆ ಹೊಸ ಸಂಸ್ಥೆ ಬೇಡ. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಇದೆ. ಪತ್ರಾಗಾರ ಮಾತ್ರ ಬೇರೆ ಇಲಾಖೆಯ ಕೈಯಲ್ಲಿರುವುದರಿಂದ ಕಡತ ನೋಡಲು, ನಕಲು ತೆಗೆಯಲು ಜಂಟಿ ಆದೇಶ ಬೇಕಾಗುತ್ತದೆ. ಅದು ಸಚಿವರ ಮಟ್ಟದಲ್ಲೇ ಆಗಬೇಕಾದ ಕೆಲಸ. ಮಳೆಗಾಲದ ತೇವ ಹಿಡಿಯುವ ಮೊದಲೇ 1921ರಿಂದ 1930ರವರೆಗಿನ ಕಟ್ಟುಗಳನ್ನು ಒಣ ಕೋಣೆಗೆ ಸಾಗಿಸುವಂತೆ ಅದೇ ಆದೇಶದಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ,
ಹಳೆಯ ಕಡತ, ಪತ್ರಿಕೆಗಳ ಸಂರಕ್ಷಣೆಯಲ್ಲಿ ತೊಡಗಿರುವವರು