ಕವಿಮನೆ ನೋಡಿ ಬಂದ ತಮ್ಮನಿಗೆ

ಪ್ರೀತಿಯ ತಮ್ಮಾ,

ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ ಎಲ್ಲ ಆಮೇಲೆ ತಿದ್ದಿಕೊಳ್ಳಬಹುದು, ಬಿಡು. ನಾಲ್ಕು ಪುಟದಲ್ಲಿ ‘ಧನ್ಯ’ ಏಳು ಕಡೆ, ‘ಪಾವನ’ ಐದು ಕಡೆ ಬಂದಿದೆ. ಅಷ್ಟು ದೊಡ್ಡ ಮನೆಯನ್ನು ಹೊತ್ತು ನಿಂತ ಮರದ ಕಂಬಗಳ ಮಾತೇ ಇಲ್ಲ.

ಒಂದು ತಪ್ಪನ್ನು ಮೊದಲು ಸರಿಮಾಡು. ಕುವೆಂಪು ಹುಟ್ಟಿದ್ದು ಆ ಮನೆಯಲ್ಲಲ್ಲ; 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಪ್ಪಳಿಯಲ್ಲಿ. ಭಕ್ತಿಯಿಂದ ಬರೆಯಹೊರಟವರೆಲ್ಲ ಇಲ್ಲೇ ಎಡವುತ್ತಾರೆ.

ಇನ್ನು ನನ್ನ ಹಳೇ ಜಗಳ. ‘ಹಿಂದಿನ ಕಾಲದ ಪರಿಕರಗಳು’ ಅಂದಿದ್ದೀಯಲ್ಲ, ಅದು ಯಾವ ಊರಿನ ಯಾವ ಮನೆಗೂ ಒಪ್ಪುವ ಮಾತು. ಒರಳಾದರೆ ಒರಳು ಅನ್ನು, ಕಡೆಗೋಲಾದರೆ ಕಡೆಗೋಲು. ಹೆಸರು ತಿಳಿಯದಿದ್ದರೆ ಅಲ್ಲಿಯವರನ್ನು ಕೇಳು, ನಾಚಿಕೆ ಬೇಡ. ಆ ಕವಿ ಅನುವಾದಕನಾದದ್ದೂ ಇಂಥ ಹೆಸರುಗಳ ಬಲದಿಂದಲೇ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ‘ಪೈಡ್ ಪೈಪರ್’ ಪದ್ಯದ ವೇಸರ್ ನದಿ ಕುವೆಂಪು ಅವರ ‘ಕಿಂದರಿಜೋಗಿ’ಯಲ್ಲಿ ತುಂಗೆಯಾಯಿತು, ಹ್ಯಾಮೆಲಿನ್ ಊರು ಬೊಮ್ಮನಹಳ್ಳಿಯಾಯಿತು. ಇಂಗ್ಲಿಷಿನಲ್ಲಿ ಇಲಿಗಳ ಸಾಲಿನಲ್ಲಿ ‘ಅಂಕಲ್’, ‘ಕಸಿನ್’ ಬರುತ್ತಾರೆ. ಕನ್ನಡದಲ್ಲಿ ಅಣ್ಣಿಲಿ, ತಮ್ಮಿಲಿ, ಮಾವಿಲಿ, ಭಾವಿಲಿ. ಕೂಡುಮನೆಯ ಆ ಜಗಲಿಯಲ್ಲಿ ನಿಂತು ಈ ಸಾಲನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನ ಡೆನ್ಮಾರ್ಕ್ ಕುವೆಂಪು ನಾಟಕ ‘ರಕ್ತಾಕ್ಷಿ’ಯಲ್ಲಿ ಬಿದನೂರಾದದ್ದೂ ಹೀಗೆಯೇ.

ಇನ್ನೊಮ್ಮೆ ಹೋಗು. ಮೊದಲ ಸುತ್ತಿಗೆ ಮೊಬೈಲ್ ಜೇಬಿನಲ್ಲೇ ಇರಲಿ, ಬರೆಯಲೂ ಬೇಡ. ಎರಡನೇ ಸುತ್ತಿಗೆ ಮೂರೂ ಅಂತಸ್ತಿನ ನಕ್ಷೆ ಗೀಚಿಕೊ: ಬೆಳಕು ಎಲ್ಲಿಂದ ಇಳಿಯುತ್ತದೆ, ಅಡುಗೆಮನೆಯಲ್ಲಿ ನಿಂತವಳಿಗೆ ಜಗಲಿಯ ಮಾತು ಕೇಳೀತೇ. ಮೂರನೆಯದರಲ್ಲಿ ಒಂದೇ ವಸ್ತುವಿನ ಮುಂದೆ ಹದಿನೈದು ನಿಮಿಷ ನಿಲ್ಲು. ಎಲ್ಲಿ ಕೈತಾಗಿ ಸವೆದಿದೆ, ಎಲ್ಲಿ ಉಳಿಯ ಗುರುತು ಹಾಗೇ ಇದೆ ನೋಡು. ಪೆನ್ಸಿಲ್ ಒಯ್ಯಿ, ಮಲೆನಾಡಿನ ತೇವಕ್ಕೆ ಇಂಕು ಹರಡುತ್ತದೆ. ಅಂದೇ ರಾತ್ರಿ ಬರೆ. ಎರಡು ದಿನ ಬಿಟ್ಟರೆ ಫೋಟೋ ನೋಡಿ ಬರೆಯುತ್ತೀಯ, ಹಳೇ ಮರದ ವಾಸನೆ ಬಿಟ್ಟುಹೋಗುತ್ತದೆ.

ಮನೆಯ ಬಳಿಯ ಗುಡ್ಡ ಕವಿಶೈಲವನ್ನು ಸಂಜೆ ಹತ್ತಿ ನೋಡು. ಮಳೆಗಾಲವಾದರೆ ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಪೊಟ್ಟಣ ಇರಲಿ. ಬಂಡೆಯಲ್ಲಿ ಕೆತ್ತಿದ ಹೆಸರುಗಳಲ್ಲಿ ಬಿ.ಎಂ.ಶ್ರೀ ಅವರದನ್ನು ಹುಡುಕು. ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದವರು ಅವರು.

‘ಬರೆಯೋದನ್ನೇ ಬಿಟ್ಟುಬಿಡಲೇ ಅಕ್ಕಾ’ ಅಂತ ಕೇಳಿದ್ದೀಯ. ಮೂರನೇ ಪುಟದ ಕೊನೆಯಲ್ಲಿ, ಹಲಗೆ ಕಿರ್ರೆಂದಾಗ ಅಮ್ಮ ಮೆಟ್ಟಿಲಿಂದ ಕಾಲು ಹಿಂದೆಗೆದುಕೊಂಡರು ಎಂಬ ಸಾಲಿದೆಯಲ್ಲ, ಅಲ್ಲಿಂದ ಶುರುಮಾಡು. ಉಳಿದದ್ದನ್ನು ಹೊಡೆದುಹಾಕಿ, ಬರೆದು ಕಳಿಸು.

ನಿನ್ನ ಅಕ್ಕ