ಕೆಂಪು ಗೆರೆ ಬೀಳದ ತಪ್ಪುಗಳು

ಪ್ರೀತಿಯ ಪುಟ್ಟಿ,

ನಿನ್ನ ಇಂಗ್ಲಿಷ್ ಅರ್ಜಿ ಓದಿದೆ. ಎರಡು ಸಲ ಓದಿದೆ. ಚೆನ್ನಾಗಿದೆ ಕಣೇ, ಅಮ್ಮ ಅಂತ ಹೇಳ್ತಿಲ್ಲ. ಎರಡನೇ ಪ್ಯಾರಾದಲ್ಲಿ ಪ್ರಾಜೆಕ್ಟ್ ಕೆಟ್ಟು ಮತ್ತೆ ಮೊದಲಿಂದ ಶುರು ಮಾಡಿದ ಕಥೆ ಬರೆದಿದ್ದೀಯಲ್ಲ, ಅದನ್ನು ಓದುವಾಗ ಆ ದಿನಗಳಲ್ಲಿ ನೀನು ಯಾಕೆ ಫೋನ್ ಎತ್ತುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ಆದರೆ ನಾಲ್ಕು ಕಡೆ ಕಾಲು ಜಾರಿದೆ. ನಾಲ್ಕೂ ಒಂದೇ ಜಾತಿಯ ತಪ್ಪು. ಕಿವಿಗೆ ಸರಿ, ಕಣ್ಣಿಗೆ ತಪ್ಪು.

ಫೋನಿನಲ್ಲೇ ಹೇಳೋಣ ಅಂದ್ಕೊಂಡೆ. ಆದರೆ ಫೋನಿನಲ್ಲಿ ಹೇಳಿದರೆ ಸರಿಯೂ ತಪ್ಪೂ ಒಂದೇ ಥರ ಕೇಳಿಸುತ್ತವೆ, ಅದೇ ತಾನೆ ಇಲ್ಲಿನ ತೊಂದರೆ! ಪತ್ರ ಬರೆಯಲು ಕೂತರೆ ಇಲ್ಲೂ ಅದೇ ಕಥೆ. ಇಂಗ್ಲಿಷಿನ ಮೂರು ದೇರ್‌ಗಳನ್ನು ಕನ್ನಡದಲ್ಲಿ ಬರೆದರೆ ಮೂರೂ ಒಂದೇ. ಹಾಗಾಗಿ ನೀನು ಸಣ್ಣವಳಿದ್ದಾಗ ಬಾಯಿಪಾಠ ಮಾಡಿದ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಹೇಳುತ್ತೇನೆ. ನಗಬೇಡ.

ಸ್ಪೆಲ್ ಚೆಕ್ ಮಾಡಿದ್ದೆ, ಒಂದೂ ಕೆಂಪು ಗೆರೆ ಬರಲಿಲ್ಲ ಅಂತೀಯ. ಹೇಗೆ ಬರುತ್ತೆ? ಅದು ಮೊದಲು ನೋಡುವುದು ಇಂಥ ಪದ ಇದೆಯಾ ಇಲ್ಲವಾ ಅಂತ. ನೀನು ಬರೆದ ಪದ ಇದೆ, ಆದರೆ ಅದು ಬೇರೆಯವರ ಜಾಗದಲ್ಲಿ ಕೂತಿದೆ. ಈಚೆಗೆ ಕೆಲವು ಆ್ಯಪ್‌ಗಳು ಹಿಂದೆಮುಂದೆ ನೋಡಿ ಇದನ್ನೂ ಹಿಡಿಯುತ್ತವೆ, ಆದರೆ ಯಾವಾಗಲೂ ಅಲ್ಲ. ಫೋನಿನ ಆಟೋಕರೆಕ್ಟ್ ಅಂತೂ ಸರಿ ಇದ್ದದ್ದನ್ನೇ ಬದಲಿಸಿಬಿಡುತ್ತೆ, ಅದರ ಸಹವಾಸ ಬೇಡ.

ನಿನಗೆ ಬೇಜಾರಾಗದಿರಲಿ ಅಂತ ನನ್ನದೊಂದು ಹೇಳ್ತೀನಿ. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಆಫೀಸಿನ ಸಿಸ್ಟಮ್ ಕೈಕೊಟ್ಟಿತು. ಎಲ್ಲರಿಗೂ ಒಂದು ಮೇಲ್ ಹಾಕು, ಸ್ವಲ್ಪ ಸಹಿಸಿಕೊಳ್ಳಿ ಅಂತ ಬರಿ ಅಂದರು. ನಾನು ಪ್ಲೀಸ್ ಬೇರ್ ವಿತ್ ಅಸ್ ಅಂತ ಬರೆದೆ. ಸಹಿಸಿಕೊಳ್ಳುವ ಬೇರ್‌ಗೆ ಬಿ-ಇ-ಎ-ಆರ್. ನಾನು ಹಾಕಿದ್ದು ಬಿ-ಎ-ಆರ್-ಇ. ಅಂದರೆ ಮೈಮೇಲೆ ಬಟ್ಟೆ ಇಲ್ಲದ್ದು. ದಯವಿಟ್ಟು ನಮ್ಮ ಜೊತೆ ಬಟ್ಟೆ ಬಿಚ್ಚಿ ಅಂತ ಇಡೀ ಆಫೀಸಿಗೆ ಕರೆ ಕೊಟ್ಟ ಹಾಗಾಯಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ, ಆದರೆ ಆ ವಾರವೆಲ್ಲ ನಾನು ಹೋದ ಕಡೆ ಮಾತು ಥಟ್ಟಂತ ನಿಲ್ಲುತ್ತಿತ್ತು. ಆಮೇಲೆ ಅದನ್ನು ನೆನಪಿಡಲು ನಾನೇ ಒಂದು ದಾರಿ ಕಂಡುಕೊಂಡೆ. ಬಿ-ಎ-ಆರ್-ಇ ಅನ್ನು ಕನ್ನಡದ ಥರ ಓದು: ಬರೆ, ಬರಿ, ಬರಿಗಾಲು. ಬರಿಗಾಲಿನ ಬರಿಯೇ ಆ ಬೇರ್. ಅವತ್ತಿಂದ ಒಂದು ಸಲವೂ ತಪ್ಪಿಲ್ಲ.

ಈಗ ನಿನ್ನದಕ್ಕೆ ಬರೋಣ. ಮೊದಲನೆಯದು ಇಟ್ಸ್. ತಂಡ ಮತ್ತು ಇಟ್ಸ್ ಗುರಿಗಳು ಅಂತ ಬರೆದಿದ್ದೀಯ, ಎಸ್‌ಗೆ ಮುಂಚೆ ಅಪಾಸ್ಟ್ರಫಿ, ಅಂದರೆ ಮೇಲೆ ಇಡುವ ಆ ಪುಟ್ಟ ಗುರುತು, ಹಾಕಿದ್ದೀಯ. ನೀನು ಒಂದನೇ ಕ್ಲಾಸಿನಲ್ಲಿ ಅದನ್ನು ಬಾಲ ಅಂತಿದ್ದೆ, ನಾನು ಈಗಲೂ ಬಾಲ ಅಂತಲೇ ಕರೆಯುತ್ತೇನೆ. ಬಾಲ ಇದ್ದರೆ ಅಲ್ಲಿ ಅಕ್ಷರ ಬಿಟ್ಟುಹೋಗಿದೆ ಅಂತ ಅರ್ಥ: ಅದು ಇಟ್ ಈಸ್, ಇಲ್ಲವೇ ಇಟ್ ಹ್ಯಾಸ್. ನಿನ್ನ ವಾಕ್ಯದಲ್ಲಿ ಬಿಡಿಸಿ ಓದು. ತಂಡ ಮತ್ತು ಇಟ್ ಈಸ್ ಗುರಿಗಳು! ಅರ್ಥವೇ ಇಲ್ಲ ಅಲ್ವಾ? ಹಾಗಾದರೆ ಬಾಲ ಬೇಡ.

ರಾಮನ ಪುಸ್ತಕ ಅನ್ನುವಾಗ ರಾಮನಿಗೆ ಬಾಲ ಹಾಕ್ತೀವಿ, ಇದಕ್ಕೆ ಯಾಕೆ ಬೇಡ ಅಂತ ಕೇಳ್ತೀಯ, ಗೊತ್ತು. ಹಿಸ್ ಅಂತ ಬರೆಯುವಾಗ ಬಾಲ ಹಾಕ್ತೀಯಾ? ಹರ್ಸ್, ಅವರ್ಸ್, ದೇರ್ಸ್, ಯಾವುದಕ್ಕೂ ಇಲ್ಲ. ಇಟ್ಸ್ ಆ ಗುಂಪಿನದು. ಆದರೂ ನಿನ್ನ ಪರವಾಗಿ ಒಂದು ಮಾತು ಹೇಳಬೇಕು. ಈ ಇಟ್ಸ್ ಇಂಗ್ಲಿಷಿಗೆ ಬಂದದ್ದೇ ತಡವಾಗಿ, ಸುಮಾರು 1600ರ ಆಸುಪಾಸಿನಲ್ಲಿ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಈ ಪದವೇ ಇಲ್ಲ, ಅದಕ್ಕೂ ಹಿಸ್ ಅಂತಲೇ ಬಳಸುತ್ತಿದ್ದರು. ಬಂದ ಮೇಲೂ ತುಂಬಾ ಕಾಲ ಬಾಲ ಹಾಕಿಯೇ ಬರೆಯುತ್ತಿದ್ದರು, ನೀನು ಬರೆದ ಹಾಗೇ. ಇನ್ನೂರೈವತ್ತು ವರ್ಷ ಮುಂಚೆ ಹುಟ್ಟಿದ್ದರೆ ನಿನ್ನ ಅರ್ಜಿ ಪಾಸು.

ಇಲ್ಲಿ ನಮಗೊಂದು ಅನುಕೂಲ ಇದೆ, ಇಂಗ್ಲಿಷ್ ಒಂದೇ ಗೊತ್ತಿರುವವರಿಗೆ ಇಲ್ಲದ್ದು. ಯೋಚನೆ ಮಾಡು, ಅವರಿಗೆ ಹುಟ್ಟಿದಾಗಿಂದ ಮೂರು ದೇರ್ ಒಂದೇ ಥರ ಕೇಳಿದೆ, ಅದಕ್ಕೇ ಅವರೂ ಎಡವುತ್ತಾರೆ. ನಮಗೆ ಅವು ಮೂರು ಬೇರೆ ಬೇರೆ ಮಾತು. ಅಲ್ಲಿ ಅನ್ನುವುದಾದರೆ ಟಿ-ಎಚ್-ಇ-ಆರ್-ಇ. ಅದರ ಹೊಟ್ಟೆಯೊಳಗೆ ಹಿಯರ್ ಇದೆ ನೋಡು, ಎಚ್-ಇ-ಆರ್-ಇ. ಎಲ್ಲಿ ಅನ್ನುವ ವೇರ್‌ನಲ್ಲೂ ಅದೇ ಇದೆ. ಇಲ್ಲಿ, ಅಲ್ಲಿ, ಎಲ್ಲಿ, ಮೂರಕ್ಕೂ ಒಂದೇ ಬಾಲಂಗೋಚಿ. ಅವರ ಅನ್ನುವುದಾದರೆ ಟಿ-ಎಚ್-ಇ-ಐ-ಆರ್. ಅವರು ಇದ್ದಾರೆ ಅನ್ನುವುದಾದರೆ ದೇ ಬರೆದು, ಬಾಲ ಹಾಕಿ, ಆರ್-ಇ. ಯುವರ್ ಕೂಡ ಹೀಗೇ. ಮನಸ್ಸಿನಲ್ಲಿ ನಿನ್ನ ಅಂತ ಬಂದರೆ ವೈ-ಓ-ಯು-ಆರ್, ನೀನು ಅಂತ ಬಂದರೆ ಬಾಲ ಇರುವುದು. ಅನುಮಾನ ಬಂದಾಗ ವಾಕ್ಯವನ್ನು ಬಾಯೊಳಗೇ ಕನ್ನಡಕ್ಕೆ ತಿರುಗಿಸು, ಒಂದು ಕ್ಷಣ ಸಾಕು. ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಬೈದುಕೊಂಡು ಉರು ಹೊಡೆದಿದ್ದೆಯಲ್ಲ, ಈಗ ಉಪಯೋಗಕ್ಕೆ ಬಂತು.

ಎರಡನೆಯದು ಅಡ್ವೈಸ್. ಟೀಚರ್ ನನಗೆ ಸಲಹೆ ಕೊಟ್ಟರು ಅನ್ನುವ ಕಡೆ ಎ-ಡಿ-ವಿ-ಐ-ಸಿ-ಇ-ಡಿ ಅಂತ ಬರೆದಿದ್ದೀಯ. ಅಂಥ ಪದವೇ ಇಲ್ಲ. ಕೆಂಪು ಗೆರೆ ಬರಲೇಬೇಕಿತ್ತು, ಬಂದಿರುತ್ತೆ, ನೀನು ನೋಡಿಲ್ಲ ಅಷ್ಟೇ, ಸುಳ್ಳಿ! ಇದು ಇಂಗ್ಲಿಷಿನವರಿಗೆ ಅಷ್ಟು ಗೊಂದಲ ಅಲ್ಲ, ಅವರ ಬಾಯಲ್ಲಿ ಎರಡೂ ಬೇರೆ. ಸಲಹೆ ಅನ್ನುವುದರ ಕೊನೆಗೆ ಸ್ ಬರುತ್ತೆ, ಸಲಹೆ ಕೊಡು ಅನ್ನುವುದರ ಕೊನೆಗೆ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಬರುತ್ತೆ. ಆ ದುಂಬಿ ಸದ್ದು ಕನ್ನಡದಲ್ಲಿ ಇಲ್ಲ, ಹಾಗಾಗಿ ನಮಗೆ ಎರಡೂ ಅಡ್ವೈಸ್. ಬಹುಮಾನವೂ ಪ್ರೈಸ್, ಬೆಲೆಯೂ ಪ್ರೈಸ್. ಡಬ್ಲ್ಯುಗೂ ವಿಗೂ ನಮಗೆ ಇರುವುದು ಒಂದೇ ವ, ಹಾಗಾಗಿ ಪಡುವಣ ದಿಕ್ಕೂ ವೆಸ್ಟ್, ಒಳಗೆ ಹಾಕುವ ಬನಿಯನ್ನೂ ವೆಸ್ಟ್. ಇಂಗ್ಲಿಷ್ ಪುಸ್ತಕದ ಪಟ್ಟಿಗಿಂತ ನಮ್ಮ ಪಟ್ಟಿ ಉದ್ದ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಡ್ವೈಸ್‌ಗೆ ನಾನು ಇಟ್ಟುಕೊಂಡಿರುವ ಗುರುತು ಐಸ್. ಐಸ್ ಒಂದು ವಸ್ತು, ಕೈಯಲ್ಲಿ ಹಿಡಿಯಬಹುದು. ಕೊನೆಗೆ ಐ-ಸಿ-ಇ ಇದ್ದರೆ ಅದು ಸಲಹೆ ಎಂಬ ವಸ್ತು, ಎಸ್ ಇದ್ದರೆ ಕೊಡುವ ಕೆಲಸ.

ಹಾಗೇ ಲೂಸ್ ಕೂಡ. ನಿನ್ನ ಮೆಸೇಜುಗಳಲ್ಲಿ ದಿನಾ ನೋಡ್ತೀನಿ, ಸುಮ್ನಿದ್ದೆ. ಕಳೆದುಕೊಳ್ಳುವುದಕ್ಕೆ ಒಂದೇ ಓ. ಸಡಿಲಕ್ಕೆ ಎರಡು. ಯಾರಿಗಾದರೂ ಲೂಸಾ ನಿನಗೆ ಅಂತ ಕೇಳ್ತೀವಲ್ಲ, ತಲೆಯ ನಟ್ಟು ಸಡಿಲ ಆಗಿದೆಯಾ ಅಂತ, ಅದು ಎರಡು ಓ ಇರುವ ಲೂಸು. ಇನ್ನೊಂದರಲ್ಲಿ ಒಂದು ಓ ಕಳೆದುಹೋಗಿದೆ ಅಂದ್ಕೋ.

ಮೂರನೆಯದು ಸ್ವಲ್ಪ ಮಜವಾಗಿದೆ. ನನ್ನ ಕೌಶಲಗಳು ತಂಡಕ್ಕೆ ಪೂರಕ ಅಂತ ಹೇಳಲು ಹೋಗಿ ಕಾಂಪ್ಲಿಮೆಂಟ್ ಅನ್ನು ಐ ಹಾಕಿ ಬರೆದಿದ್ದೀಯ. ಅದರ ಅರ್ಥ ಹೊಗಳು. ನಿನ್ನ ಕೌಶಲಗಳು ತಂಡದ ಹತ್ತಿರ ಹೋಗಿ ವಾಹ್, ಎಷ್ಟು ಚೆನ್ನಾಗಿದ್ದೀರಿ ಅಂದ ಹಾಗೆ. ಪೂರಕಕ್ಕೆ ಇ, ಕಂಪ್ಲೀಟ್‌ನಲ್ಲಿ ಬರುವ ಇ. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಮಾತು, ತುಂಬಿಸು ಅಂತ ಅದರ ಅರ್ಥ. ಇಂಥ ಒಡಹುಟ್ಟಿದವರು ಬಹಳ. ಪೆನ್ನು ಪೇಪರ್ ಮಾರುವ ಸ್ಟೇಷನರಿಯೂ ನಿಂತಲ್ಲೇ ನಿಂತ ಸ್ಟೇಷನರಿಯೂ ಅಣ್ಣತಮ್ಮಂದಿರೇ. ಹಿಂದೆ ಯುರೋಪಿನಲ್ಲಿ ವ್ಯಾಪಾರಿಗಳು ಹೆಚ್ಚಾಗಿ ಊರೂರು ಅಲೆದು ಮಾರುತ್ತಿದ್ದರು, ಪುಸ್ತಕ ಮಾರುವವನು ಒಂದು ಕಡೆ ಅಂಗಡಿ ಹಾಕಿ ಕೂರುತ್ತಿದ್ದ, ಹಾಗಾಗಿ ಅವನಿಗೆ ನಿಂತವನು ಅಂತಲೇ ಹೆಸರು ಬಿತ್ತು. ಪೇಪರಿನದಕ್ಕೆ ಇ, ಎನ್ವಲಪ್‌ನ ಇ.

ಇಷ್ಟು ಗೋಜಲು ಯಾಕೆ ಮಾಡಿಟ್ಟರು ಅಂತ ನನಗೂ ಸಿಟ್ಟು ಬರುತ್ತಿತ್ತು. ಕನ್ನಡದಲ್ಲೂ ಹತ್ತು ಅಂದರೆ ಸಂಖ್ಯೆ, ಮರ ಹತ್ತುವುದೂ ಹತ್ತೇ, ಆದರೆ ಬರೆಯುವುದೂ ಒಂದೇ ಥರ, ತಪ್ಪಲು ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಆದದ್ದು ಬೇರೆ. ಕ್ಯಾಕ್ಸ್ಟನ್ ಎಂಬಾತ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ, ನಿಧಾನಕ್ಕೆ ಸ್ಪೆಲ್ಲಿಂಗ್ ಗಟ್ಟಿಯಾಯಿತು. ಜನರ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. ಗೊತ್ತು ಅನ್ನುವ ನೋ ಶುರುವಿನಲ್ಲಿ ಕೆ ಇದೆಯಲ್ಲ, ಒಂದು ಕಾಲಕ್ಕೆ ಅದನ್ನು ನಿಜವಾಗಿಯೂ ಉಚ್ಚರಿಸುತ್ತಿದ್ದರು, ಇಲ್ಲ ಅನ್ನುವ ನೋ ಜೊತೆ ಗೊಂದಲವೇ ಇರಲಿಲ್ಲ. ಬರೆಯುವ ರೈಟ್‌ನ ಡಬ್ಲ್ಯುವೂ ಹಾಗೇ. ಸದ್ದು ಸತ್ತುಹೋಯಿತು, ಅಕ್ಷರ ಮಾತ್ರ ಉಳಿದುಕೊಂಡಿತು. ಎರಡು ಅನ್ನುವ ಟೂ ನೋಡು, ಅದರ ಡಬ್ಲ್ಯು ಟ್ವೆಲ್ವ್, ಟ್ವೆಂಟಿ, ಟ್ವಿನ್ಸ್ ಒಳಗೆ ಇನ್ನೂ ಬದುಕಿದೆ. ಎರಡರ ಸಂಬಂಧ ಇದ್ದಲ್ಲಿ ಡಬ್ಲ್ಯು. ಜಾಸ್ತಿ ಅನ್ನುವ ಟೂಗೆ ಒಂದು ಓ ಜಾಸ್ತಿ. ಮುಗೀತು.

ಅಫೆಕ್ಟ್, ಎಫೆಕ್ಟ್ ನೀನು ಸರಿಯಾಗಿ ಬರೆದಿದ್ದೀಯ, ಹೇಗೋ ಗೊತ್ತಿಲ್ಲ, ನಾನು ಈಗಲೂ ಒಮ್ಮೆ ನಿಂತು ಯೋಚಿಸುತ್ತೇನೆ. ಬರೀ ಪರಿಣಾಮ ಆದರೆ ಇ, ಪರಿಣಾಮ ಬೀರು ಆದರೆ ಎ. ಸಾಮಾನ್ಯವಾಗಿ ಇದು ಸಾಕು.

ನಾಲ್ಕನೆಯ ತಪ್ಪು ಕೊನೆಯ ಸಾಲಿನಲ್ಲಿದೆ. ಅದನ್ನು ನಾನು ಹೇಳುವುದಿಲ್ಲ. ಬೇಕಾದ್ದೆಲ್ಲ ಮೇಲೆ ಬರೆದಿದ್ದೇನೆ, ನೀನೇ ಹುಡುಕಿ, ತಿದ್ದಿ, ನಾಳೆ ರಾತ್ರಿಯೊಳಗೆ ಕಳಿಸು. ಅಪ್ಪನ ಹತ್ತಿರ ಕೇಳಿಕೊಂಡು ಪ್ರಯೋಜನ ಇಲ್ಲ. ಅವರು ಸಂಜೆಯಿಂದ ಕನ್ನಡಕ ಹಾಕಿಕೊಂಡು ಆ ಸಾಲನ್ನೇ ನೋಡುತ್ತಾ ಕೂತಿದ್ದಾರೆ, ಎಲ್ಲಾ ಸರಿಯಾಗೇ ಇದೆಯಲ್ಲೇ ಅಂತಿದ್ದಾರೆ.

ನಿನ್ನ,
ಅಮ್ಮ