ಅಂಕ ವಿಷಯಕ್ಕೆ ಕೊಡಿ, ಎಡಿಟಿಂಗ್‌ಗೆ ಬೇಡ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಈಗ ವಿಡಿಯೊ ಅಸೈನ್‌ಮೆಂಟ್ ಕೊಡುತ್ತಿದ್ದೇವೆ. 'ಮೊದಲೇ ಮೊಬೈಲ್ ಕೆಳಗಿಡಲ್ಲ, ಇದೊಂದು ಬಾಕಿ ಇತ್ತು' ಎಂದು ಪೋಷಕರು ಗೊಣಗುತ್ತಾರೆ. ಅರ್ಥಶಾಸ್ತ್ರ ಪಾಠ ಮಾಡುವ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬರೆದು ಕೊಡುವ ಅಸೈನ್‌ಮೆಂಟ್‌ನ ಗತಿ ನೋಡಿ. ಮುಂಚೆ ಒಬ್ಬಳು ಬರೆದದ್ದನ್ನು ಇಡೀ ಕ್ಲಾಸು ನೋಡಿ ಬರೆಯುತ್ತಿತ್ತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಈಗ ಆ ಒಬ್ಬಳೂ ಬರೆಯುತ್ತಿಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ 'ನಿಮ್ಮೂರಲ್ಲಿ ಯಾವುದಾದರೂ ಒಂದಕ್ಕೆ ಬೆಲೆ ಹೇಗೆ ಕಟ್ಟುತ್ತಾರೆ, ಮೂರು ನಿಮಿಷದಲ್ಲಿ ತೋರಿಸಿ' ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ದನದ ಜಾತ್ರೆಗೆ ಹೋಗಿದ್ದ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ವಾ, ಅದನ್ನು ತೆಗೆದು ತಂದಿದ್ದ. ಆಮೇಲೆ ತಾತನನ್ನು ಜಗಲಿ ಮೇಲೆ ಕೂರಿಸಿ, ಯಾಕೆ ಹೀಗೆ ಎಂದು ಕೇಳಿದ್ದ. 'ಎಲ್ರ ಮುಂದೆ ರೇಟು ಒದರಿದ್ರೆ ಮುಂದಿನ ಗಿರಾಕಿ ಅದಕ್ಕಿಂತ ಜಾಸ್ತಿ ಕೊಡ್ತಾನೇನ್ಲಾ?' ಎಂದರು ತಾತ. ಇದೇ ವಿಷಯವನ್ನು ನಾನು ಎರಡು ಪೀರಿಯಡ್ ಪಾಠ ಮಾಡಿದ್ದೆ. ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆದರೆ ನಮಗೆ ಕೊಟ್ಟಿದ್ದ ಅಂಕದ ಪಟ್ಟಿಯಲ್ಲಿ ಹತ್ತರಲ್ಲಿ ನಾಲ್ಕು 'ಪ್ರೆಸೆಂಟೇಶನ್'ಗೆ ಮೀಸಲು. ಆ ಹುಡುಗನ ವಿಡಿಯೊ ಅಲ್ಲಾಡುತ್ತಿತ್ತು, ಗಾಳಿ ಸದ್ದು ಬೇರೆ. ಅವನಿಗೆ ಆರು ಬಂತು. ನೆಟ್‌ನಲ್ಲಿ ಸಿಕ್ಕಿದ್ದನ್ನು ಓದಿ, ಹಿಂದೆ ಮ್ಯೂಸಿಕ್ ಹಾಕಿದವಳಿಗೆ ಎಂಟು. ಅಂಕ ಹಾಕಿದವಳು ನಾನೇ.

ಇನ್ನು ಕಳಿಸುವ ಪಾಡು. ಮೊಬೈಲಲ್ಲಿ ಫುಲ್ ಎಚ್‌ಡಿಯಲ್ಲಿ ತೆಗೆದ ಮೂರು ನಿಮಿಷದ ವಿಡಿಯೊ ಹೆಚ್ಚೂಕಡಿಮೆ 400 ಎಂಬಿ ಆಗುತ್ತದೆ. 60 ಮಕ್ಕಳದ್ದು ಸೇರಿದರೆ 24 ಜಿಬಿ. ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಹಳ್ಳಿಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಅಪ್‌ಲೋಡ್ ಮಾಡಿದರು. 'ಎಚ್‌ಡಿ ಬೇಡ, ಕಡಿಮೆ ಎಂಬಿ ತಿನ್ನುವ 480 ಪಿ ಗುಣಮಟ್ಟ ಸಾಕು' ಎಂದು ಮೊದಲೇ ಹೇಳಲು ನನಗೂ ತೋಚಲಿಲ್ಲ. ಯೂಟ್ಯೂಬ್‌ಗೆ ಹಾಕಿ ಲಿಂಕ್ ಕಳಿಸಿ ಎನ್ನುವುದಂತೂ ಬೇಡವೇ ಬೇಡ. ಎಷ್ಟೋ ಹೆಣ್ಣುಮಕ್ಕಳು ಮುಖ ತೋರಿಸಲು ಹಿಂಜರಿಯುತ್ತಾರೆ. ದನಿ ಇದ್ದರೆ ಸಾಲದೇ?

ವಿಶ್ವವಿದ್ಯಾಲಯಗಳು ಹತ್ತಕ್ಕೆ ಹತ್ತೂ ಅಂಕ ವಿಷಯಕ್ಕೇ ಇಡಲಿ. ವಿಡಿಯೊ ಆದ ಮೇಲೆ ಒಬ್ಬೊಬ್ಬರನ್ನೂ ಎದುರು ಕೂರಿಸಿ ಎರಡು ಪ್ರಶ್ನೆ ಕೇಳಲು ಪೀರಿಯಡ್ ಕೊಡಲಿ. ಆ ಹೊತ್ತನ್ನು ಅತಿಥಿ ಉಪನ್ಯಾಸಕರ ಕಾರ್ಯಭಾರಕ್ಕೂ ಸೇರಿಸಲಿ. 60 ವಿಡಿಯೊ ಸುಮ್ನೆ ನೋಡಿ ಮುಗಿಸಲೇ ಮೂರು ಗಂಟೆ ಬೇಕು. ನಾನು ನೋಡಿದ್ದು ಮನೆಯಲ್ಲಿ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ.

— ಅರ್ಥಶಾಸ್ತ್ರ ಉಪನ್ಯಾಸಕಿ, ತುಮಕೂರು ಜಿಲ್ಲೆ